ಕಾಸ್ಮೆಟಿಕ್ ಸರ್ಜರಿ ಕಲಿಯಲು ಹಣ ಕಟ್ಟುವ ಮುನ್ನ

ಈಚೆಗೆ ನಮ್ಮ ಕಚೇರಿಗೆ ಬರುವ ಯುವ ವೈದ್ಯರ ಫೈಲುಗಳಲ್ಲಿ ಒಂದು ಕಾಗದ ಮತ್ತೆ ಮತ್ತೆ ಸಿಗುತ್ತಿದೆ. ಹೊಳೆಯುವ ದಪ್ಪ ಹಾಳೆ, ಚಿನ್ನದ ಬಣ್ಣದ ಮುದ್ರೆ, ಯಾವುದೋ ವಿದೇಶಿ ಸಂಸ್ಥೆಯ ಹೆಸರು, ಕೆಳಗೆ ‘ಫೆಲೋಶಿಪ್ ಇನ್ ಕಾಸ್ಮೆಟಿಕ್ ಸರ್ಜರಿ’. ಅದಕ್ಕಾಗಿ ಮನೆಯವರು ಒಡವೆ ಅಡವಿಟ್ಟು ಲಕ್ಷಗಟ್ಟಲೆ ಕಟ್ಟಿರುತ್ತಾರೆ. ಅದನ್ನು ಹಿಡಿದು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಹೋದರೆ, ಹೆಚ್ಚುವರಿ ಅರ್ಹತೆಯಾಗಿ ನೋಂದಣಿ ಆಗುವುದಿಲ್ಲ.

ನೇರ ದಾರಿ ಉದ್ದವಾದದ್ದು. ಎಂಬಿಬಿಎಸ್, ಆಮೇಲೆ ಮೂರು ವರ್ಷದ ಎಂಎಸ್ ಜನರಲ್ ಸರ್ಜರಿ, ನೀಟ್ ಎಸ್‌ಎಸ್ ಬರೆದು ಮತ್ತೆ ಮೂರು ವರ್ಷದ ಎಂಸಿಎಚ್ ಪ್ಲಾಸ್ಟಿಕ್ ಸರ್ಜರಿ. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿಆರ್‌ಎನ್‌ಬಿ ಮೂಲಕವೂ ಬರಬಹುದು; ಅದರಲ್ಲಿ ಎಂಬಿಬಿಎಸ್ ಆದ ಮೇಲೆ ನೇರ ಆರು ವರ್ಷದ ಕೋರ್ಸೂ ಇದೆ. ಕಾಸ್ಮೆಟಿಕ್ ಸರ್ಜರಿಯನ್ನು ಕಲಿಯುವುದು ಈ ಪ್ಲಾಸ್ಟಿಕ್ ಸರ್ಜರಿಯ ಒಳಗೇ. ಈ ಉದ್ದ ಕಂಡು ಹೆದರಿದವರನ್ನೇ ದಲ್ಲಾಳಿ ಹುಡುಕುತ್ತಾನೆ.

ಕೂದಲು ಕಸಿಯ ವಿಷಯದಲ್ಲಂತೂ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಮಾರ್ಗಸೂಚಿ ಕೊಟ್ಟಿದೆ: ಕಾರ್ಯಾಗಾರದಲ್ಲಿ ನೋಡಿದ್ದು, ಯೂಟ್ಯೂಬಿನಲ್ಲಿ ಕಂಡದ್ದು ತರಬೇತಿ ಆಗುವುದಿಲ್ಲ. ಆದರೂ ವಾರಾಂತ್ಯದ ಬ್ಯಾಚುಗಳು ತುಂಬುತ್ತಲೇ ಇವೆ. ದಂತ ವೈದ್ಯರು ಇನ್ನಷ್ಟು ಎಚ್ಚರವಾಗಿರಬೇಕು. ಮುಖದ ಸೌಂದರ್ಯ ಚಿಕಿತ್ಸೆಗೆ ದಂತ ವೈದ್ಯಕೀಯ ಪರಿಷತ್ತಿನ ಒಪ್ಪಿಗೆ ಇದೆ ಎಂದು ನಿಮಗೆ ತೋರಿಸುವ ಪತ್ರ, ಓರಲ್ ಅಂಡ್ ಮ್ಯಾಕ್ಸಿಲೋಫೇಶಿಯಲ್ ಸರ್ಜರಿಯಲ್ಲಿ ಎಂಡಿಎಸ್ ಮಾಡಿದವರಿಗೆ ಸಂಬಂಧಿಸಿದ್ದು. ಬರೀ ಬಿಡಿಎಸ್ ಆದವರು ಅದನ್ನು ನಂಬಿ ಹಣ ಕಟ್ಟಬಾರದು. ಹೋಮಿಯೋಪತಿ ವೈದ್ಯರೊಬ್ಬರು ಅಲೋಪತಿ ಔಷಧ ಕೊಟ್ಟ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ: ಅರ್ಹತೆ ಇಲ್ಲದ ಪದ್ಧತಿಯಲ್ಲಿ ಚಿಕಿತ್ಸೆ ಮಾಡುವುದೇ ನಿರ್ಲಕ್ಷ್ಯ. ನೋಂದಣಿಯೇ ಇಲ್ಲದವರು ವೈದ್ಯವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ರೋಗಿಗೆ ಏನಾದರೂ ಆದ ದಿನ ಈ ಕೋರ್ಸು ಮಾರಿದ ಅಕಾಡೆಮಿಯವರು ನಿಮ್ಮ ಪಕ್ಕ ನಿಲ್ಲುವುದಿಲ್ಲ.

ಜನ ಹೆಚ್ಚು ಹಣ ಕಳೆದುಕೊಳ್ಳುವುದು ‘ಮಾನ್ಯತೆ ಇದೆ’ ಎಂಬ ಒಂದು ಮಾತಿನಲ್ಲಿ. ಕೇಳಿದರೆ ಐಎಸ್‌ಒ ಪ್ರಮಾಣಪತ್ರ, ಕಂಪನಿ ನೋಂದಣಿ, ಉದ್ಯಮ್ ನೋಂದಣಿ ತೋರಿಸುತ್ತಾರೆ. ಒಂದು ಅಂಗಡಿ ತೆರೆದವರಿಗೂ ಇವೆಲ್ಲ ಸಿಗುತ್ತವೆ. ಪ್ರವೇಶ ಅರ್ಜಿಯ ಕೊನೆಯ ಪುಟ ತಿರುವಿ ನೋಡಿ. ಇರುವೆ ಸಾಲಿನಂಥ ಅಕ್ಷರದಲ್ಲಿ ‘ಈ ಕೋರ್ಸ್ ಜ್ಞಾನವೃದ್ಧಿಗೆ ಮಾತ್ರ, ವೃತ್ತಿ ನೋಂದಣಿಗೆ ಅಲ್ಲ’ ಎಂದಿರುತ್ತದೆ, ಅದರ ಕೆಳಗೇ ನಿಮ್ಮ ಸಹಿ. ಆ ಸಾಲು ಕಂಡರೆ ಅಲ್ಲಿಂದ ಎದ್ದು ಬನ್ನಿ.

ಕಾಣದಿದ್ದರೂ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, ವಕೀಲರು ಬೇಕಿಲ್ಲ. ಆದರೆ ‘ಈ ಕೋರ್ಸಿಗೆ ಮಾನ್ಯತೆ ಇದೆಯೇ?’ ಎಂದು ಬರೆಯಬೇಡಿ. ‘ಅಭಿಪ್ರಾಯ ಕೊಡಲು ಬರುವುದಿಲ್ಲ’ ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಳ್ಳುತ್ತಾರೆ. ‘ನೀವು ಹೆಚ್ಚುವರಿ ಅರ್ಹತೆಯಾಗಿ ನೋಂದಾಯಿಸುವ ಅರ್ಹತೆಗಳ ಪಟ್ಟಿಯ ಪ್ರತಿ ಕೊಡಿ’ ಎಂದು ಕೇಳಿ, ಕಡತದಲ್ಲಿರುವುದನ್ನು ಕೊಡಲೇಬೇಕು. ಇನ್ನೊಂದು ಮಾತು: ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಇದೊಂದು ನೆಪ ಸಿಕ್ಕರೆ ಸಾಕು, ಅರ್ಜಿ ವಾಪಸ್ ಬರುತ್ತದೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಹಾಕಿ. ಅಷ್ಟರಲ್ಲಿ ‘ಸೀಟು ಇವತ್ತೇ ಕೊನೆ’ ಎಂದು ಫೋನ್ ಬಂದರೆ, ಕೊನೆಯಾಗಲಿ ಬಿಡಿ.

ಕಟ್ಟಲೇಬೇಕೆಂದಿದ್ದರೆ ಸಂಸ್ಥೆಯ ಖಾತೆಗೇ ಕಟ್ಟಿ. ಕೌನ್ಸೆಲರ್ ಎಂದು ಹೇಳಿಕೊಳ್ಳುವವನ ಗೂಗಲ್ ಪೇ ನಂಬರಿಗೆ ಬೇಡ. ಮೂಲ ಅಂಕಪಟ್ಟಿ ಕೊಡಬೇಡಿ. ಅವರೇ ಮಾಡಿಸಿಕೊಡುವ ಇಎಂಐ ಸಾಲಕ್ಕೆ ಸಹಿ ಹಾಕುವ ಮೊದಲು ತಿಳಿದಿರಲಿ, ಕೋರ್ಸ್ ನಿಂತರೂ ಕಂತು ನಿಲ್ಲುವುದಿಲ್ಲ. ವಾಟ್ಸ್‌ಆಪ್ ಮಾತುಕತೆ ಅಳಿಸಬೇಡಿ. ಸ್ಕ್ರೀನ್‌ಶಾಟ್ ಒಂದನ್ನೇ ನಂಬಬೇಡಿ, ಆ ಫೋನನ್ನೂ ಜೋಪಾನ ಮಾಡಿ.

ಮೋಸ ಹೋಗಿದ್ದರೆ ಮೊದಲು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕೊಟ್ಟು, ಆಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ವಿಶ್ವವಿದ್ಯಾಲಯಗಳ ಶಿಕ್ಷಣ ‘ಸೇವೆ’ ಅಲ್ಲವೆಂಬ ತೀರ್ಪುಗಳಿವೆ, ಎದುರಾಳಿ ಅದನ್ನೇ ಎತ್ತುತ್ತಾನೆ. ಆದರೆ ಕೋಚಿಂಗ್ ಸಂಸ್ಥೆಗಳಿಗೆ ಆ ರಕ್ಷಣೆ ಇಲ್ಲವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರಲ್ಲಿ ಹೇಳಿದೆ. ಯಾವ ವಿಶ್ವವಿದ್ಯಾಲಯಕ್ಕೂ ಸೇರದ ಅಕಾಡೆಮಿಯ ವಿರುದ್ಧ ಈ ವಾದ ಗಟ್ಟಿ. ಕಟ್ಟಿದ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಕರಾರಿನಲ್ಲಿ ‘ದೆಹಲಿ ನ್ಯಾಯಾಲಯಕ್ಕೆ ಮಾತ್ರ ಅಧಿಕಾರ’ ಎಂದಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು.

ಮಾನ್ಯತೆ ಇದೆಯೆಂದು ಸುಳ್ಳು ಹೇಳಿ ಹಣ ಪಡೆದಿದ್ದರೆ ಅದು ವಂಚನೆ, ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ. ಠಾಣೆಯಲ್ಲಿ ‘ಇದು ಸಿವಿಲ್ ಮ್ಯಾಟರು, ಕೋರ್ಟಿಗೆ ಹೋಗ್ರಿ’ ಎಂದು ಸಾಗಹಾಕುವುದು ಮಾಮೂಲು. ವಾದಕ್ಕೆ ನಿಲ್ಲಬೇಡಿ, ಅದೇ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಲು ಆ ರಸೀದಿ ಬೇಕು.

ಗ್ರಾಹಕ ಆಯೋಗಕ್ಕೆ ಎರಡು ವರ್ಷದ ಗಡುವಿದೆ. ‘ಮುಂದಿನ ತಿಂಗಳು ವಾಪಸ್ ಕೊಡ್ತೀವಿ ಡಾಕ್ಟ್ರೇ’ ಎಂಬ ಫೋನ್ ಕರೆಗಳಿಂದ ಈ ಗಡುವು ಮುಂದಕ್ಕೆ ಹೋಗುವುದಿಲ್ಲ. ಮಾತುಕತೆ ಬೇಕಾದರೆ ನಡೆಯಲಿ, ದೂರು ಮೊದಲು ದಾಖಲಾಗಲಿ.