ಪುಟ್ಟ ಕಾರಿನ ಪುನರ್ಜನ್ಮ

ಮನುಷ್ಯನಂತೆ ಯಂತ್ರಕ್ಕೂ ಯೌವನವುಂಟು, ಮುಪ್ಪುಂಟು. ಹೊಸದಾಗಿ ಬಂದಾಗ ಊರಿಗೆ ಊರೇ ನೆರೆದು ಬೆರಗಿನಿಂದ ನೋಡಿದ ವಾಹನವು ಕಾಲಾಂತರದಲ್ಲಿ ಕೊಟ್ಟಿಗೆಯ ಮೂಲೆಯನ್ನು ಸೇರುತ್ತದೆ. ಅದರ ಮೇಲೆ ಧೂಳು ಕೂಡುತ್ತದೆ, ತುಕ್ಕು ಹಿಡಿಯುತ್ತದೆ, ಕೊನೆಗೊಂದು ದಿನ ಅದು ಗುಜರಿಯ ಪಾಲಾಗುತ್ತದೆ. ಇದು ಲೋಕರೂಢಿ. ಆದರೆ ಈ ರೂಢಿಗೆ ಒಪ್ಪದ ಕೆಲವರಿದ್ದಾರೆ. ಅವರು ಹಗಲೆಲ್ಲ ತಮ್ಮ ತಮ್ಮ ಉದ್ಯೋಗಗಳಲ್ಲಿ ತೊಡಗಿದ್ದು, ಸಂಜೆ ಮನೆಗೆ ಬಂದೊಡನೆ ಹಳೆಯ ಬಟ್ಟೆ ತೊಟ್ಟು, ಕೈಗೆ ಗ್ರೀಸು ಮೆತ್ತಿಕೊಂಡು, ಸತ್ತಂತೆ ಬಿದ್ದಿರುವ ಕಾರಿಗೆ ಮತ್ತೆ ಜೀವ ತುಂಬಲು ಶ್ರಮಿಸುತ್ತಾರೆ. ಇವರಲ್ಲಿ ಅನೇಕರಿಗೆ ಇದರಿಂದ ಸಂಪಾದನೆಯಿಲ್ಲ. ಇದು ಅವರ ಹವ್ಯಾಸ. ಅವರ ಪಾಲಿಗೆ ಒಂದು ಬಗೆಯ ತಪಸ್ಸು.

ಇಂಗ್ಲೆಂಡಿನಲ್ಲಿ ಈ ಹವ್ಯಾಸಕ್ಕೆ ದೀರ್ಘವಾದ ಪರಂಪರೆಯಿದೆ. 1919ರಿಂದ 1930ರವರೆಗೆ ತಯಾರಾದ ಕಾರುಗಳನ್ನು ಅಲ್ಲಿ ‘ವಿಂಟೇಜ್’ ಕಾರುಗಳೆಂದು ಕರೆಯುವುದು ವಾಡಿಕೆ. ಅವುಗಳಲ್ಲಿ ಶ್ರೀಮಂತರ ಭಾರಿ ವಾಹನಗಳೂ ಇವೆ. ಜನಸಾಮಾನ್ಯರ ಸಣ್ಣ ವಾಹನಗಳೂ ಇವೆ. ಆದರೆ ಮನೆಯಂಗಳದ ಹವ್ಯಾಸಿಗಳ ಪ್ರೀತಿಗೆ ಬಹುವಾಗಿ ಪಾತ್ರವಾದುದು ‘ಆಸ್ಟಿನ್ ಸೆವೆನ್’ ಎಂಬ ಒಂದು ಪುಟ್ಟ ಕಾರು.

ಈ ಕಾರಿನ ಹುಟ್ಟೇ ಒಂದು ಮನೆಯೊಳಗೆ ಆಯಿತೆಂಬುದು ಸ್ವಾರಸ್ಯದ ಸಂಗತಿ. ಮೊದಲನೆಯ ಮಹಾಯುದ್ಧದ ತರುವಾಯ ಹರ್ಬರ್ಟ್ ಆಸ್ಟಿನ್ ಅವರ ಕಂಪನಿಯು ತೀವ್ರವಾದ ಹಣಕಾಸಿನ ಮುಗ್ಗಟ್ಟಿಗೆ ಸಿಲುಕಿತ್ತು. ಬಡ ಕುಟುಂಬವೂ ಕೊಳ್ಳಬಲ್ಲ ಚಿಕ್ಕ ಕಾರೊಂದನ್ನು ನಿರ್ಮಿಸಬೇಕೆಂಬ ಅವರ ಆಲೋಚನೆಯನ್ನು ಕಂಪನಿಯ ನಿರ್ದೇಶಕರು ಒಪ್ಪಲಿಲ್ಲ. ಆಸ್ಟಿನ್ ಎದೆಗುಂದಲಿಲ್ಲ. ಕಾರ್ಖಾನೆಯಿಂದ 18 ವರ್ಷದ ಸ್ಟ್ಯಾನ್ಲಿ ಎಡ್ಜ್ ಎಂಬ ನಕ್ಷೆಗಾರ ಹುಡುಗನನ್ನು ತಮ್ಮ ಮನೆಗೆ ಕರೆಸಿಕೊಂಡರು. ಬಿಲಿಯರ್ಡ್ಸ್ ಆಡುವ ಕೋಣೆಯೇ ಅವರ ಕಾರ್ಯಾಲಯವಾಯಿತು. ಹಿರಿಯರ ಅನುಭವವೂ ಕಿರಿಯನ ಉತ್ಸಾಹವೂ ಕೂಡಿ ದುಡಿದ ಫಲವಾಗಿ 1922ರಲ್ಲಿ ಆಸ್ಟಿನ್ ಸೆವೆನ್ ಲೋಕಕ್ಕೆ ಪರಿಚಿತವಾಯಿತು. 1939ರವರೆಗೆ ಅಂತಹ ಸುಮಾರು 2,90,000 ಕಾರುಗಳು ತಯಾರಾದವು.

ಕಾರಿನ ರಚನೆ ಅತ್ಯಂತ ಸರಳ. ತೂಕ ಸುಮಾರು 360 ಕಿಲೋಗ್ರಾಂ. ಎಂಜಿನ್ನಿನ ಗಾತ್ರ 747 ಘನ ಸೆಂಟಿಮೀಟರ್. ಸಾಮರ್ಥ್ಯ ಸುಮಾರು 10 ಅಶ್ವಶಕ್ತಿ. ನೀರನ್ನು ಸುತ್ತಿಸಲು ಪಂಪು ಕೂಡ ಇರಲಿಲ್ಲ. ಕಾದ ನೀರು ಮೇಲಕ್ಕೇರಿ, ತಣಿದ ನೀರು ಕೆಳಗಿಳಿಯುವ ಸಹಜ ನಿಯಮವೇ ಎಂಜಿನ್ನನ್ನು ತಂಪಾಗಿರಿಸುತ್ತಿತ್ತು. ಇಂತಹ ಯಂತ್ರವನ್ನು ಬಿಚ್ಚಿ ನೋಡಿದರೆ ಅದರ ಪ್ರತಿಯೊಂದು ಭಾಗದ ಉದ್ದೇಶವೂ ಕಣ್ಣಿಗೆ ಕಾಣುತ್ತದೆ. ಕಲಿಯುವವನಿಂದ ಅದು ತನ್ನ ಗುಟ್ಟನ್ನು ಬಚ್ಚಿಡುವುದಿಲ್ಲ.

ಆದುದರಿಂದಲೇ ಅದು ಅನೇಕ ತರುಣರಿಗೆ ಪಾಠಶಾಲೆಯಾಯಿತು. ಎರಡನೆಯ ಮಹಾಯುದ್ಧವು ಮುಗಿದಾಗ ಇಂಗ್ಲೆಂಡಿನಲ್ಲಿ ಹೊಸ ಕಾರುಗಳು ದುರ್ಲಭವಾಗಿದ್ದವು. ಹಳೆಯ ಸೆವೆನ್‌ಗಳು ಅಗ್ಗವಾಗಿ ದೊರೆಯುತ್ತಿದ್ದವು. ತರುಣರು ಅವುಗಳ ಭಾರವಾದ ಮೇಲ್ಭಾಗವನ್ನು ಕಿತ್ತು, ತಗಡು ಮತ್ತು ಪ್ಲೈವುಡ್‌ಗಳಿಂದ ಹಗುರವಾದ ಹೊಸ ಹೊದಿಕೆಯನ್ನು ರಚಿಸಿ ಓಟದ ಕಾರುಗಳನ್ನಾಗಿ ಮಾರ್ಪಡಿಸಿದರು. ಇವಕ್ಕೆ ‘ಸ್ಪೆಷಲ್’ ಎಂಬ ಹೆಸರು ಬಂದಿತು. 1948ರಲ್ಲಿ ಕಾಲಿನ್ ಚಾಪ್ಮನ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿಯು, ತಾನು ಮುಂದೆ ಮದುವೆಯಾಗಲಿದ್ದ ಹುಡುಗಿಯ ತಂದೆತಾಯಿಗಳ ಮನೆಯ ಹಿಂದಿನ ಗ್ಯಾರೇಜಿನಲ್ಲಿ ಇಂತಹುದೊಂದು ಕಾರನ್ನು ಕಟ್ಟಿದನು. ಅದೇ ಮೊದಲನೆಯ ‘ಲೋಟಸ್’. ಆ ಹೆಸರಿನ ಕಾರುಗಳು 1963ರಲ್ಲಿ ಫಾರ್ಮುಲಾ ಒನ್ ಪಂದ್ಯಗಳ ತಯಾರಕರ ವಿಶ್ವಪ್ರಶಸ್ತಿಯನ್ನು ಗಳಿಸಿದವು. ದೂರದ ನ್ಯೂಜಿಲೆಂಡಿನಲ್ಲಿ, ಎಲುಬಿನ ರೋಗದಿಂದ ಎಳೆತನದಲ್ಲಿ ಬಹುಕಾಲ ಹಾಸಿಗೆ ಹಿಡಿದಿದ್ದ ಬ್ರೂಸ್ ಮೆಕ್ಲಾರೆನ್ ಎಂಬ ಬಾಲಕನು ತಂದೆಯೊಡನೆ ಸೇರಿ ಹಳೆಯ ಸೆವೆನ್ ಒಂದನ್ನು ದುರಸ್ತಿ ಮಾಡಿ, ಅದರಲ್ಲಿಯೇ ತನ್ನ ಮೊದಲ ಸ್ಪರ್ಧೆಗಳಿಗೆ ಇಳಿದನು. 1963ರಲ್ಲಿ ಅವನು ಸ್ಥಾಪಿಸಿದ ಸಂಸ್ಥೆಯು ಇಂದಿಗೂ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಆದರೆ ಈ ಸಾಹಸಗಾಥೆಗೆ ಇನ್ನೊಂದು ಮುಖವೂ ಇದೆ. ಒಂದೊಂದು ಸ್ಪೆಷಲ್ ತಯಾರಾದಾಗಲೂ ಒಂದೊಂದು ಹಳೆಯ ಕಾರಿನ ಮೂಲರೂಪವು ಅಳಿಯಿತು. ಕಿತ್ತೆಸೆದ ಬಾಗಿಲುಗಳೂ ಛಾವಣಿಗಳೂ ಗುಜರಿಯನ್ನು ಸೇರಿದವು. ಅಂದು ಅವು ಯಾರಿಗೂ ಬೇಡವಾಗಿದ್ದವು. ಇಂದು ಅವುಗಳಿಗಾಗಿ ಹವ್ಯಾಸಿಗಳು ಊರೂರು ಅಲೆಯುತ್ತಾರೆ. ಹಳೆಯದನ್ನು ಇದ್ದಂತೆಯೇ ಉಳಿಸಬೇಕೆ, ಇಲ್ಲವೆ ಕಾಲಕ್ಕೆ ತಕ್ಕಂತೆ ಮಾರ್ಪಡಿಸಬೇಕೆ ಎಂಬ ಪ್ರಶ್ನೆಯು ಹೀಗೆ ಹುಟ್ಟಿಕೊಂಡಿತು. ಅದಕ್ಕೆ ಉತ್ತರವನ್ನು ಅರಸುವ ಮೊದಲು, ಹವ್ಯಾಸಿಯು ಮಾಡುವ ಕೆಲಸದ ಸ್ವರೂಪವನ್ನು ತಿಳಿಯಬೇಕು.

ಅನುಭವಸ್ಥನು ಹಳೆಯ ಕಾರನ್ನು ತಂದೊಡನೆ ಬಿಚ್ಚಲು ಹೋಗುವುದಿಲ್ಲ. ಮೊದಲು ಅದನ್ನು ಎಲ್ಲ ದಿಕ್ಕುಗಳಿಂದಲೂ ಪರಿಶೀಲಿಸುತ್ತಾನೆ, ಛಾಯಾಚಿತ್ರಗಳನ್ನು ತೆಗೆದಿಡುತ್ತಾನೆ, ತಂತಿಗಳ ಜಾಡನ್ನು ಕಾಗದದ ಮೇಲೆ ಬರೆದುಕೊಳ್ಳುತ್ತಾನೆ. ಬಿಚ್ಚಿದ ಒಂದೊಂದು ಬೋಲ್ಟನ್ನೂ ಡಬ್ಬಿಯಲ್ಲಿ ಹಾಕಿ ಚೀಟಿ ಅಂಟಿಸುತ್ತಾನೆ. ಇಂದು ನೆನಪಿರುವುದು ಎರಡು ವರ್ಷಗಳ ಅನಂತರ ಮರಳಿ ಜೋಡಿಸುವಾಗ ನೆನಪಿರಲಾರದು ಎಂಬುದನ್ನು ಅವನು ಬಲ್ಲನು. ಹಳೆಯ ಇಂಗ್ಲಿಷ್ ಕಾರುಗಳ ನಟ್ಟುಗಳ ಅಳತೆಯೇ ಬೇರೆ. ಮಿಲಿಮೀಟರ್ ಲೆಕ್ಕದ ಸ್ಪ್ಯಾನರುಗಳು ಅವಕ್ಕೆ ಸರಿಹೊಂದುವುದಿಲ್ಲ. ಅವಸರಪಟ್ಟು ತಿರುಗಿಸಿದರೆ ನಟ್ಟಿನ ಮೂಲೆಗಳು ಸವೆದು, ಅನಂತರ ಅದನ್ನು ಬಿಚ್ಚುವುದೇ ದುಸ್ತರವಾಗುತ್ತದೆ.

ಮುಂದಿನ ಶತ್ರುವೆಂದರೆ ತುಕ್ಕು. ಅದನ್ನು ತೆಗೆಯಲು ಮನೆಯಲ್ಲಿಯೇ ಅನುಸರಿಸಬಹುದಾದ ಒಂದು ವಿಧಾನವು ವಿಜ್ಞಾನದ ಪಾಠವನ್ನು ನೆನಪಿಗೆ ತರುತ್ತದೆ. ವಾಷಿಂಗ್ ಸೋಡ ಕರಗಿಸಿದ ನೀರಿನಲ್ಲಿ ತುಕ್ಕು ಹಿಡಿದ ಭಾಗವನ್ನು ಮುಳುಗಿಸಿ ವಿದ್ಯುತ್ತಿನ ಋಣಧ್ರುವಕ್ಕೆ ಜೋಡಿಸುತ್ತಾರೆ. ಬಳಕೆಗೆ ಬಾರದ ಕಬ್ಬಿಣದ ತುಂಡೊಂದನ್ನು ಧನಧ್ರುವಕ್ಕೆ ಜೋಡಿಸುತ್ತಾರೆ. ಬ್ಯಾಟರಿ ಚಾರ್ಜರಿನ ಅಲ್ಪ ವಿದ್ಯುತ್ತು ಹರಿಯುತ್ತಿದ್ದಂತೆ ತುಕ್ಕು ಸಡಿಲಗೊಳ್ಳುತ್ತದೆ. ಒಳಗಿನ ಒಳ್ಳೆಯ ಲೋಹವು ಸವೆಯುವುದಿಲ್ಲ. ಈ ಕ್ರಿಯೆಯಲ್ಲಿ ಹೈಡ್ರೋಜನ್ ಅನಿಲವು ಹೊರಬರುವುದರಿಂದ ಗಾಳಿಯಾಡುವ ಬಯಲಿನಲ್ಲಿ, ಬೆಂಕಿಯಿಂದ ದೂರವಿದ್ದು ಇದನ್ನು ಮಾಡಬೇಕು. ಹಳೆಯ ಕಾರಿನಲ್ಲಿ ಬೇರೆ ಅಪಾಯಗಳೂ ಅಡಗಿವೆ. ಬ್ರೇಕಿನ ಹಳೆಯ ಪಟ್ಟಿಗಳಲ್ಲಿ ಕಲ್ನಾರು ಇರಬಹುದು. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಇವುಗಳ ಧೂಳು ಶ್ವಾಸಕೋಶಕ್ಕೂ ರಕ್ತಕ್ಕೂ ಹಾನಿಕರ. ಜ್ಯಾಕಿನ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ವಿವೇಕಿಯಾದವನು ಎಂದಿಗೂ ನುಸುಳುವುದಿಲ್ಲ.

ಎಂಜಿನ್ನಿನ ಹೃದಯವನ್ನು ತಲುಪಿದಾಗ ಹವ್ಯಾಸಿಯ ವಿವೇಕಕ್ಕೆ ನಿಜವಾದ ಪರೀಕ್ಷೆ ಒದಗುತ್ತದೆ. ಆರಂಭದ ಸೆವೆನ್‌ಗಳಲ್ಲಿ ಪಿಸ್ಟನ್ನುಗಳ ಚಲನೆಯನ್ನು ಚಕ್ರಗತಿಗೆ ಪರಿವರ್ತಿಸುವ ಕ್ರ್ಯಾಂಕ್ ದಂಡಕ್ಕೆ ಎರಡು ತುದಿಗಳಲ್ಲಿ ಮಾತ್ರ ಆಧಾರವಿತ್ತು. ವೇಗ ಹೆಚ್ಚಿದಂತೆ ಅದು ನಡುವೆ ಬಾಗಿ, ಕಾಲಕ್ರಮದಲ್ಲಿ ಬಿರುಕು ಬಿಟ್ಟು ಮುರಿಯುವುದುಂಟು. ಕಂಪನಿಯು ತಾನೇ 1936ರಲ್ಲಿ ಮಧ್ಯದಲ್ಲೊಂದು ಆಧಾರವನ್ನು ಸೇರಿಸಿತು. ಹಳೆಯ ಎಂಜಿನ್ನಿಗೆ ಇಂದಿನ ಉತ್ತಮ ಉಕ್ಕಿನ ದಂಡವನ್ನು ಅಳವಡಿಸುವುದು ತಪ್ಪೆ? ಅದರ ಬ್ರೇಕುಗಳು ಇಂದಿನ ರಸ್ತೆಗೆ ಸಾಲವು. ಅವನ್ನು ಬಲಪಡಿಸುವುದು ತಪ್ಪೆ? ಮೂಲಸ್ಥಿತಿಯೇ ಪರಮಪವಿತ್ರವೆನ್ನುವವರು ತಪ್ಪೆನ್ನುತ್ತಾರೆ. ಓಡದ ಕಾರು ಕಾರೇ ಅಲ್ಲವೆನ್ನುವವರು ಸರಿಯೆನ್ನುತ್ತಾರೆ. ಎರಡು ಮಾತುಗಳಲ್ಲಿಯೂ ಸತ್ಯಾಂಶವಿದೆ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು ಅಂಗೀಕರಿಸಿದ ‘ಟ್ಯೂರಿನ್ ಸನ್ನದು’ ಈ ವಿವಾದದಲ್ಲಿ ಒಂದು ಮಧ್ಯಮಮಾರ್ಗವನ್ನು ತೋರಿಸಿದೆ. ಮಾರ್ಪಾಟು ಅನಿವಾರ್ಯವಾದರೆ ಅದು ಮಿತವಾಗಿರಬೇಕು. ಮುಂದೆ ಬೇಕೆಂದಾಗ ಹಿಂದಿನ ಸ್ಥಿತಿಗೆ ತರುವಂತಿರಬೇಕು. ತೆಗೆದ ಮುಖ್ಯ ಭಾಗಗಳನ್ನು ಎಸೆಯದೆ ಕಾಪಾಡಬೇಕು. ಮಾಡಿದ ಕೆಲಸವನ್ನೆಲ್ಲ ಬರೆದಿಡಬೇಕು ಎಂಬುದು ಅದರ ಸಾರ. ಮೂಲಚೌಕಟ್ಟಿಗೆ ಹೊಸ ರಂಧ್ರವನ್ನು ಕೊರೆಯದೆ, ಇರುವ ರಂಧ್ರದಲ್ಲಿಯೇ ದಿಕ್ಸೂಚಕ ದೀಪವನ್ನು ಜೋಡಿಸುವವನು ಈ ನೀತಿಯನ್ನು ಪಾಲಿಸಿದಂತಾಯಿತು. ಇನ್ನು, 1950ರ ಸುಮಾರಿನಲ್ಲಿ ಯಾರೋ ತರುಣನು ಕಟ್ಟಿದ ಸ್ಪೆಷಲ್ ದೊರೆತರೆ ಅದನ್ನು ಕೆಡವಿ ಮತ್ತೆ ಮೊದಲಿನ ಕಾರನ್ನಾಗಿ ಮಾಡಬೇಕೆ? ಬೇಡವೆನ್ನುವವರೇ ಹಲವರು. ಆ ತರುಣನ ಕೈಕೆಲಸವೂ ಈಗ ಇತಿಹಾಸದ ಒಂದು ಪುಟವಾಗಿದೆ.

ನಮ್ಮ ದೇಶದಲ್ಲಿಯೂ ಈ ಪ್ರಶ್ನೆಗೆ ಕಾನೂನಿನ ಮನ್ನಣೆ ದೊರೆತಿದೆ. 2021ರಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ನಿಯಮಗಳಂತೆ, 50 ವರ್ಷ ಮೀರಿದ, ಚೌಕಟ್ಟು, ಹೊದಿಕೆ ಮತ್ತು ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆಯಾಗದ ವಾಹನಗಳನ್ನು ವಿಂಟೇಜ್ ಎಂದು ಪ್ರತ್ಯೇಕವಾಗಿ ನೋಂದಾಯಿಸಬಹುದು. ಧರ್ಮಸ್ಥಳದ ವಸ್ತುಸಂಗ್ರಹಾಲಯಕ್ಕೆ ಹೋದವರು ಅಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ಕಂಡು ಬೆರಗಾಗುತ್ತಾರೆ. ಸಂಗ್ರಹಾಲಯವು ಹಳೆಯದನ್ನು ಕಣ್ಣಿಗಾಗಿ ಉಳಿಸುತ್ತದೆ. ಹವ್ಯಾಸಿಯು ಅದನ್ನು ಕೈಗಾಗಿ ಉಳಿಸುತ್ತಾನೆ. ಎರಡೂ ಬೇಕಾದುವೇ.

ವರ್ಷಗಳ ದುಡಿಮೆ ಮುಗಿದ ಒಂದು ಮುಂಜಾನೆ ಹವ್ಯಾಸಿಯು ಕೈಪಿಡಿಯನ್ನು ತಿರುಗಿಸುತ್ತಾನೆ. ಒಮ್ಮೆ ಕೆಮ್ಮಿ, ಮತ್ತೊಮ್ಮೆ ಸೀನಿ, ಕೊನೆಗೆ ಎಂಜಿನ್ನು ಗುಡುಗುಡಿಸತೊಡಗುತ್ತದೆ. ನೆರೆಹೊರೆಯವರು ಹೊರಗೆ ಬಂದು ನೋಡುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆ ಕ್ಷಣದ ಸಂತೋಷಕ್ಕೆ ಬೆಲೆ ಕಟ್ಟಲಾಗದು. ಯಂತ್ರವನ್ನು ಕೊಳ್ಳುವುದಕ್ಕೆ ಹಣವಿದ್ದರೆ ಸಾಕು. ಅದನ್ನು ಅರಿಯುವುದಕ್ಕೆ ತಾಳ್ಮೆ ಬೇಕು, ದುಡಿಯುವ ಕೈ ಬೇಕು. ಬದಲಾಯಿಸುವ ಮೊದಲು ಅರಿಯಬೇಕು, ಎಸೆಯುವ ಮೊದಲು ಯೋಚಿಸಬೇಕು ಎಂಬ ಪಾಠವನ್ನು ಆ ಪುಟ್ಟ ಕಾರು ಒಂದು ಶತಮಾನದಿಂದ ಹೇಳುತ್ತಲೇ ಬಂದಿದೆ. ಅದು ಕಾರುಗಳಿಗೆ ಮಾತ್ರ ಅನ್ವಯಿಸುವ ಪಾಠವಲ್ಲ.