ದ್ರಾಕ್ಷಾರಸದ ಕಾರ್ಖಾನೆಗಳಲ್ಲಿ ರುಚಿ ನೋಡುವ ಕೊಠಡಿ: ಹಿಡುವಳಿದಾರರು ಅಲ್ಲಿ ಕಲಿಯತಕ್ಕುದೇನು?

ಅರಸೀಕೆರೆ ತಾಲ್ಲೂಕು ಕಣಕಟ್ಟೆ ಹೋಬಳಿಯ ರೈತರಿಗೆ ರಾಗಿಯು ಊಟಕ್ಕೂ ತೆಂಗು ರೊಕ್ಕಕ್ಕೂ ಆಧಾರವಾಗಿರುವುವು. ರೊಕ್ಕದ ಈ ಆಧಾರವು ಎಷ್ಟು ಅಸ್ಥಿರವಾದುದೆಂಬುದನ್ನು ಈಚಿನ ವರ್ಷಗಳು ಚೆನ್ನಾಗಿ ತೋರಿಸಿಕೊಟ್ಟಿವೆ. ೨೦೨೩ನೆಯ ಇಸವಿಯಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲೊಂದಕ್ಕೆ ೧೧,೭೫೦ ರೂಪಾಯಿ ಬೆಂಬಲ ಬೆಲೆ ಗೊತ್ತಾಗಿದ್ದರೂ ಪೇಟೆಯ ಧಾರಣೆಯು ಅದಕ್ಕಿಂತ ಕೆಳಗಿಳಿದು ಬೆಳೆಗಾರರು ಬಹಳ ನಷ್ಟಪಟ್ಟರು. ೨೦೨೫ರಲ್ಲಿ ಬೆಂಬಲ ಬೆಲೆಯು ೧೨,೧೦೦ ರೂಪಾಯಿ ಇದ್ದಾಗ ಪೇಟೆಯ ಧಾರಣೆಯು ಅದನ್ನು ಬಹಳವಾಗಿ ಮೀರಿ ಏರಿತು. ಎರಡು ವರ್ಷಗಳಲ್ಲಿಯೂ ತೋಟ ಅದೇ, ಮರ ಅದೇ, ಬೆಳೆಗಾರನ ದುಡಿಮೆಯೂ ಅದೇ. ಬೆಲೆಯನ್ನು ಗೊತ್ತುಮಾಡುವ ಸ್ಥಳವು ಮಾತ್ರ ಅವನ ಕೈಗೆ ನಿಲುಕದಲ್ಲಿ ಇದ್ದಿತು.

ಇಂತಹ ಏರಿಳಿತವನ್ನು ಕಂಡ ಹಿಡುವಳಿದಾರನಿಗೆ ವೈನಿನ ದ್ರಾಕ್ಷಿಯನ್ನು ಹಾಕಿ ನೋಡೋಣವೆ, ತೆಂಗಿನ ಹೊಂಬಾಳೆಯಿಂದ ರಸ ಇಳಿಸಿ ಮಾರೋಣವೆ ಎಂಬ ಯೋಚನೆ ಬರುವುದು ಸಹಜ. ಗ್ರಾಮದ ಮುಖಂಡರನ್ನು ಇಂತಹ ವಿಷಯದಲ್ಲಿ ಜನರು ಸಲಹೆ ಕೇಳುವುದೂ ಉಂಟು. ಒಂದು ಎಕರೆಯಲ್ಲಿ ಕಲ್ಲುಕಂಬ ನೆಟ್ಟು ತಂತಿ ಎಳೆಯುವ ಮೊದಲು, ಬೆಳೆದ ಹಣ್ಣು ಕೊನೆಗೆ ಏನಾಗುತ್ತದೆ, ಯಾವ ಅಳತೆಯಿಂದ ಕೊಳ್ಳಲ್ಪಡುತ್ತದೆ ಎಂಬುದನ್ನು ಕಣ್ಣಾರೆ ಕಾಣುವುದು ಮೇಲು. ಅದಕ್ಕೆ ತಕ್ಕ ಸ್ಥಳವೇ ಕಾರ್ಖಾನೆಗಳಲ್ಲಿ ಏರ್ಪಟ್ಟಿರುವ ರುಚಿ ನೋಡುವ ಕೊಠಡಿ.

೧. ಈ ಕೊಠಡಿಯು ಹುಟ್ಟಿದ ಬಗೆ

ತಯಾರಿಸಿದವನೇ ಸರಕನ್ನು ತನ್ನ ಅಂಗಳದಲ್ಲಿ ತೋರಿಸಿ, ಸ್ವಲ್ಪ ರುಚಿಗೆ ಕೊಟ್ಟು, ಮೆಚ್ಚಿದವರಿಗೆ ಅಲ್ಲಿಯೇ ಮಾರುವುದು ಇದರ ತತ್ತ್ವ. ಅಮೆರಿಕಾ ದೇಶದ ನಾಪಾ ಕಣಿವೆಯಲ್ಲಿ ರಾಬರ್ಟ್ ಮೊಂಡಾವಿ ಎಂಬಾತನು ೧೯೬೬ರಲ್ಲಿ ಸ್ಥಾಪಿಸಿದ ವೈನ್ ಕಾರ್ಖಾನೆಯು ಸಂದರ್ಶಕರನ್ನು ಬರಮಾಡಿಕೊಳ್ಳುವುದರಲ್ಲಿ ಹೆಸರಾಯಿತು. ಸ್ಕಾಟ್ಲೆಂಡಿನಲ್ಲಿ ಗ್ಲೆನ್‌ಫಿಡಿಕ್ ಎಂಬ ವಿಸ್ಕಿ ಕಾರ್ಖಾನೆಯವರು ೧೯೬೯ರಲ್ಲಿ ಸಂದರ್ಶಕರಿಗಾಗಿಯೇ ಪ್ರತ್ಯೇಕ ಕಟ್ಟಡವನ್ನು ತೆರೆದರು. ನಮ್ಮ ದೇಶದಲ್ಲಿ ನಾಸಿಕದ ಸುಲ ಸಂಸ್ಥೆಯವರು ೨೦೦೫ರಲ್ಲಿ ರುಚಿ ನೋಡುವ ಕೊಠಡಿಯನ್ನು ಆರಂಭಿಸಿದರು. ಊಟದ ದ್ರಾಕ್ಷಿಗೆ ಮಾತ್ರ ಹೆಸರಾಗಿದ್ದ ಆ ಸೀಮೆಗೆ ಈಗ ಜನರು ವೈನು ತಯಾರಾಗುವುದನ್ನು ನೋಡುವುದಕ್ಕೆಂದೇ ಹೋಗುತ್ತಾರೆ.

ಕರ್ನಾಟಕದಲ್ಲಿ ಕನ್ವಲ್ ಗ್ರೋವರ್ ಎಂಬುವರು ೧೯೮೮ರಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ, ನಂದಿಬೆಟ್ಟದ ತಪ್ಪಲಿನಲ್ಲಿ, ಫ್ರಾನ್ಸ್ ದೇಶದ ದ್ರಾಕ್ಷಿ ಜಾತಿಗಳನ್ನು ನೆಟ್ಟು ವೈನ್ ಉದ್ಯಮಕ್ಕೆ ನೆಲೆ ಹಾಕಿದರು. ೨೦೦೭ರಲ್ಲಿ ರಾಜ್ಯ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಗೊತ್ತುಮಾಡಿ, ಅದರ ಮೇಲ್ವಿಚಾರಣೆಗಾಗಿ ಒಂದು ಮಂಡಳಿಯನ್ನೂ ಸ್ಥಾಪಿಸಿತು. ಅದೇ ವರ್ಷ ಜುಲೈ ೧ರಿಂದ ಸಾರಾಯಿಯ ಮಾರಾಟವನ್ನು ರಾಜ್ಯದಲ್ಲಿ ನಿಲ್ಲಿಸಲಾಯಿತೆಂಬುದನ್ನೂ ಇಲ್ಲಿ ಜ್ಞಾಪಿಸಿಕೊಳ್ಳಬೇಕು. ಬಡವರ ಮನೆ ಮುರಿಯುತ್ತಿದ್ದ ಪಾನವನ್ನು ನಿಲ್ಲಿಸಿ, ದ್ರಾಕ್ಷಿ ಬೆಳೆಗಾರನ ಹಣ್ಣಿಗೆ ಇನ್ನೊಂದು ಮಾರುಕಟ್ಟೆಯನ್ನು ಒದಗಿಸುವುದು, ಈ ಎರಡೂ ಒಂದೇ ವರ್ಷ ನಡೆದುವು. ಬೆಂಗಳೂರು ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣದ ಬಳಿ ಇರುವ ವೈನ್ ಕಾರ್ಖಾನೆಯೂ ನಂದಿಬೆಟ್ಟದ ತಪ್ಪಲಿನದೂ ಸಂದರ್ಶಕರಿಗೆ ಹೆಸರಾದ ಸ್ಥಳಗಳು.

೨. ಹೋಗುವ ಕಾಲ ಮತ್ತು ಕ್ರಮ

ಕಣಕಟ್ಟೆಯ ಕಡೆಯವರು ಅರಸೀಕೆರೆಯಲ್ಲಿ ರೈಲು ಹತ್ತಿ ತಿಪಟೂರು ತುಮಕೂರುಗಳ ಮೇಲೆ ಬೆಂಗಳೂರಿಗೆ ಬಂದು, ಅಲ್ಲಿಂದ ದೊಡ್ಡಬಳ್ಳಾಪುರದ ಕಡೆಗಾಗಲಿ ಚನ್ನಪಟ್ಟಣದ ಕಡೆಗಾಗಲಿ ಹೋಗಬಹುದು. ದಿನವನ್ನೂ ವೇಳೆಯನ್ನೂ ಕಾರ್ಖಾನೆಯವರಿಂದ ಮುಂಚಿತವಾಗಿ ಗೊತ್ತುಮಾಡಿಕೊಳ್ಳತಕ್ಕದ್ದು. ಇದಕ್ಕೆ ಸಾಮಾನ್ಯವಾಗಿ ಶುಲ್ಕ ಉಂಟು. ವೈನಿನ ದ್ರಾಕ್ಷಿಗೆ ನಮ್ಮ ಸೀಮೆಯಲ್ಲಿ ಏಪ್ರಿಲ್ ಸುಮಾರಿಗೆ ಒಂದು ಚಾಟನಿ, ಅಕ್ಟೋಬರ್ ಸುಮಾರಿಗೆ ಇನ್ನೊಂದು ಚಾಟನಿ ಮಾಡಿ, ಫೆಬ್ರವರಿ ಮಾರ್ಚಿ ತಿಂಗಳುಗಳಲ್ಲಿ ಹಣ್ಣು ಕೊಯ್ಯುತ್ತಾರೆ. ಬೇಸಾಯ ಕಲಿಯಬೇಕೆಂಬುವರು ಈ ಕೊಯ್ಲಿನ ಕಾಲದಲ್ಲಿಯೇ ಹೋಗಬೇಕು. ಬೇರೆ ಕಾಲದಲ್ಲಿ ಹೋದರೆ ಸೀಸೆಗಳನ್ನು ನೋಡಬಹುದೇ ಹೊರತು ಹಣ್ಣು ಕೊಳ್ಳುವ ರೀತಿಯನ್ನು ನೋಡಲಾಗುವುದಿಲ್ಲ.

೩. ಹಣ್ಣಿನ ಅಳತೆ

ಕಾರ್ಖಾನೆಯಲ್ಲಿ ಮೊದಲು ಗಮನಿಸತಕ್ಕುದು ಹಣ್ಣು ಇಳಿಸುವ ಅಂಗಳ. ಹಣ್ಣನ್ನು ಬಿಸಿಲೇರುವ ಮೊದಲೇ ಕೊಯ್ದು, ಒಂದರ ಮೇಲೊಂದು ಬಿದ್ದು ಜಜ್ಜದ ಹಾಗೆ ಆಳವಿಲ್ಲದ ಪೆಟ್ಟಿಗೆಗಳಲ್ಲಿ ತರುತ್ತಾರೆ. ಹಲವು ಗೊಂಚಲುಗಳಿಂದ ಕೆಲವು ಹಣ್ಣುಗಳನ್ನು ಆರಿಸಿ ಹಿಂಡಿ, ಆ ರಸದ ಒಂದೆರಡು ತೊಟ್ಟುಗಳನ್ನು ರಿಫ್ರ್ಯಾಕ್ಟೋಮೀಟರ್ ಎಂಬ ಚಿಕ್ಕ ಕೊಳವೆಯ ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದು ನೋಡಿದರೆ ಸಕ್ಕರೆಯ ಪ್ರಮಾಣವು ಬ್ರಿಕ್ಸ್ ಎಂಬ ಡಿಗ್ರಿಗಳಲ್ಲಿ ತಿಳಿಯುತ್ತದೆ. ವೈನಿನ ಹಣ್ಣಿಗೆ ಸಾಮಾನ್ಯವಾಗಿ ೨೧ರಿಂದ ೨೪ ಡಿಗ್ರಿ ಬೇಕು. ಹುಳಿಯನ್ನೂ ಅಳೆಯುತ್ತಾರೆ, ಸಿಹಿ ಏರಿದಂತೆಲ್ಲ ಹುಳಿ ಇಳಿಯುವುದರಿಂದ ಎರಡೂ ಹದವಾಗಿರುವ ದಿನವನ್ನು ಹಿಡಿಯುವುದೇ ಕೊಯ್ಲಿನ ಜಾಣ್ಮೆ.

ಈ ಅಳತೆಯ ಅರ್ಥವನ್ನು ತಿಳಿಯುವುದು ಕಷ್ಟವಲ್ಲ. ಯೀಸ್ಟ್ ಎಂಬ ಸೂಕ್ಷ್ಮಜೀವಿಯು ರಸದ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲಾಮ್ಲ ವಾಯುವನ್ನೂ ಬಿಡುತ್ತದೆ. ಬ್ರಿಕ್ಸ್ ಡಿಗ್ರಿಯನ್ನು ೦.೫೫ರಿಂದ ಗುಣಿಸಿದರೆ ವೈನಿನಲ್ಲಿ ನೂರಕ್ಕೆ ಎಷ್ಟು ಪಾಲು ಮದ್ಯಸಾರ ಬಂದೀತೆಂಬುದು ಸುಮಾರಾಗಿ ಗೊತ್ತಾಗುವುದು. ೨೨ ಡಿಗ್ರಿಯ ಹಣ್ಣಿಗೆ ಇದು ೧೨ ಆಗುತ್ತದೆ. ಒಂದು ಕಿಲೋ ಹಣ್ಣಿನಿಂದ ಸುಮಾರು ೬೦೦ರಿಂದ ೭೦೦ ಮಿಲಿಲೀಟರ್ ವೈನು ದೊರೆಯುವುದಾದ್ದರಿಂದ ೭೫೦ ಮಿಲಿಲೀಟರಿನ ಒಂದು ಸೀಸೆಗೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಹಣ್ಣು ಸಾಕು. ಆ ಸೀಸೆಯ ಬೆಲೆಯನ್ನೂ ಹಣ್ಣಿಗೆ ಕೊಟ್ಟ ಬೆಲೆಯನ್ನೂ ಅಲ್ಲಿಯೇ ಕೇಳಿ ಬರೆದುಕೊಂಡರೆ, ನಡುವಣ ಅಂತರವು ಯಂತ್ರಕ್ಕೆ, ತಂಪಿಗೆ, ಸುಂಕಕ್ಕೆ, ಕಾಯುವಿಕೆಗೆ, ಹೆಸರಿಗೆ ಹೇಗೆ ಹಂಚಿಹೋಗುತ್ತದೆಂಬುದು ಅರಿವಾಗುವುದು.

ಒಳಗೆ ಹೋದಾಗ ಕೆಂಪು ವೈನಿನ ರಸವು ಸಿಪ್ಪೆಯೊಡನೆಯೇ ಹುದುಗುವುದನ್ನೂ, ಬಿಳಿ ವೈನಿನ ರಸವನ್ನು ಮೊದಲೇ ಹಿಂಡಿ ತಂಪಾದ ತೊಟ್ಟಿಗಳಲ್ಲಿ ಹುದುಗಿಸುವುದನ್ನೂ ಕಾಣಬಹುದು. ಕೆಂಪು ಬಣ್ಣವು ಸಿಪ್ಪೆಯದು, ರಸದ್ದಲ್ಲ. ಹುದುಗುವ ತೊಟ್ಟಿಯೊಳಕ್ಕೆ ಯಾರೂ ಬಗ್ಗಿ ನೋಡಬಾರದು. ಇಂಗಾಲಾಮ್ಲ ವಾಯುವು ಗಾಳಿಗಿಂತ ಭಾರವಾಗಿ ಅಲ್ಲಿಯೇ ನಿಂತು ಉಸಿರು ಕಟ್ಟಿಸುವುದು.

೪. ರುಚಿ ನೋಡುವ ವಿಧಾನ

ರುಚಿ ನೋಡುವುದೆಂದರೆ ಕುಡಿಯುವುದಲ್ಲ. ಬಟ್ಟಲಿನಲ್ಲಿ ಎರಡು ಮೂರು ಗುಟುಕಿನಷ್ಟೇ ಹಾಕುತ್ತಾರೆ. ಮೊದಲು ಬಿಳಿಯ ಕಾಗದದ ಎದುರಿಗೆ ಹಿಡಿದು ಬಣ್ಣವನ್ನೂ ತಿಳಿಯನ್ನೂ ನೋಡಬೇಕು. ಅನಂತರ ಬಟ್ಟಲನ್ನು ಮೆಲ್ಲಗೆ ತಿರುಗಿಸಿ ವಾಸನೆ ನೋಡಬೇಕು. ಕಾಡಿಯ ಘಾಟು ಬಂದರೆ ಸರಕು ಕೆಟ್ಟಿತೆಂದು ತಿಳಿಯತಕ್ಕದ್ದು. ಆಮೇಲೆ ಒಂದು ಗುಟುಕನ್ನು ನಾಲಗೆಯ ಮೇಲೆಲ್ಲ ಹೊರಳಿಸಿ ಹುಳಿ, ಸಿಹಿ, ಒಗರುಗಳನ್ನು ಬೇರೆ ಬೇರೆಯಾಗಿ ಗುರುತಿಸಿ, ಇಟ್ಟಿರುವ ಪೀಕದಾನಿಗೆ ಉಗುಳಿಬಿಡಬಹುದು. ಹಾಗೆ ಉಗುಳುವುದು ಅಲ್ಲಿ ಅಮರ್ಯಾದೆಯಲ್ಲ. ಪರೀಕ್ಷಕರೆಲ್ಲರೂ ಮಾಡುವ ಕೆಲಸ. ಬಿಳಿಯದು ಮೊದಲು, ಕೆಂಪು ಅನಂತರ, ಸಿಹಿಯಾದುದು ಕೊನೆಗೆ ಎಂಬುದು ಕ್ರಮ. ಮದ್ಯವನ್ನು ಮುಟ್ಟದ ವ್ರತವುಳ್ಳವರು ನೋಡಿಯೂ ಮೂಸಿಯೂ ಕೇಳಿಯೂ ಬೇಕಾದಷ್ಟು ಕಲಿಯಬಹುದು. ಎಳೆಯರಿಗೆ ರುಚಿ ಕೊಡುವಂತಿಲ್ಲ. ವಾಹನ ನಡೆಸುವವನು ಒಂದು ಗುಟುಕನ್ನೂ ಮುಟ್ಟಬಾರದು.

೫. ಭಟ್ಟಿಯ ಕಾರ್ಖಾನೆಯ ಪಾಠ

ಹುದುಗಿದ ರಸವನ್ನು ಕಾಯಿಸಿ ಆವಿಯನ್ನು ತಂಪುಮಾಡಿ ಹಿಡಿಯುವುದು ಭಟ್ಟಿಯ ಕೆಲಸ. ನೀರು ೧೦೦ ಡಿಗ್ರಿಯಲ್ಲಿ ಕುದಿದರೆ ಮದ್ಯಸಾರವು ೭೮ ಡಿಗ್ರಿ ಸುಮಾರಿಗೇ ಕುದಿಯುವುದರಿಂದ ಈ ಬೇರ್ಪಡಿಕೆ ಸಾಧ್ಯ. ಮೊದಲು ಬರುವುದನ್ನೂ ಕೊನೆಗೆ ಬರುವುದನ್ನೂ ತೆಗೆದು ನಡುವಣದನ್ನೇ ಇಟ್ಟುಕೊಳ್ಳುತ್ತಾರೆ.

೧೯೪೮ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಮೃತ್ ಡಿಸ್ಟಿಲರೀಸ್ ಸಂಸ್ಥೆಯು ೨೦೦೪ರಲ್ಲಿ ತನ್ನ ಬಾರ್ಲಿ ವಿಸ್ಕಿಯನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿಯೇ ಮೊದಲು ಮಾರಾಟಕ್ಕಿಟ್ಟು ಪ್ರಸಿದ್ಧಿ ಪಡೆಯಿತು. ವಿಸ್ಕಿಯನ್ನು ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡಬೇಕು. ಸ್ಕಾಟ್ಲೆಂಡಿನ ಚಳಿಯಲ್ಲಿ ವರ್ಷಕ್ಕೆ ನೂರಕ್ಕೆ ೨ ಪಾಲು ಆವಿಯಾಗಿ ಹೋದರೆ, ಬೆಂಗಳೂರಿನ ಹವೆಯಲ್ಲಿ ೧೦ ಪಾಲಿಗೂ ಮೀರಿ ಹೋಗುತ್ತದೆ. ೧೦ ಪಾಲೆಂದೇ ಲೆಕ್ಕ ಹಿಡಿದರೂ ೨೦೦ ಲೀಟರಿನ ಪೀಪಾಯಿಯಲ್ಲಿ ನಾಲ್ಕು ವರ್ಷಕ್ಕೆ ಉಳಿಯುವುದು ೧೩೧ ಲೀಟರು ಮಾತ್ರ, ಸ್ಕಾಟ್ಲೆಂಡಿನಲ್ಲಾದರೆ ೧೮೪. ಆದರೆ ಇಲ್ಲಿ ಸರಕು ಬೇಗ ಪಕ್ವವಾಗುವುದು. ಹವೆಯ ದೋಷವನ್ನೇ ಗುಣವಾಗಿ ತೋರಿಸಿದುದು ಈ ಉದ್ಯಮದವರ ಜಾಣತನ. ಆದರೂ ಅವರು ಕೊಳ್ಳುವ ಬಾರ್ಲಿಯು ಉತ್ತರ ಭಾರತದ್ದು. ಕಾರ್ಖಾನೆ ಹತ್ತಿರವಿದ್ದ ಮಾತ್ರಕ್ಕೆ ಸಮೀಪದ ರೈತನಿಗೆ ಮಾರುಕಟ್ಟೆ ಸಿಕ್ಕಿತೆಂದು ತಿಳಿಯಲಾಗದೆಂಬುದಕ್ಕೆ ಇದು ನಿದರ್ಶನ.

೬. ದ್ರಾಕ್ಷಿ ಹಾಕುವ ಮೊದಲು

ಬೆಂಗಳೂರು ನೀಲಿ ದ್ರಾಕ್ಷಿಯೂ ವೈನಿನ ಶಿರಾಜ್, ಕ್ಯಾಬರ್ನೆ, ಶೆನಿನ್ ಮೊದಲಾದ ಜಾತಿಗಳೂ ಒಂದೇ ಅಲ್ಲ. ಮೊದಲನೆಯದನ್ನು ತಿನ್ನುವವರೂ ಕೊಳ್ಳುತ್ತಾರೆ, ರಸಕ್ಕೂ ಕೊಳ್ಳುತ್ತಾರೆ. ಎರಡನೆಯವುಗಳ ಹಣ್ಣು ಚಿಕ್ಕದು, ಬೀಜ ಹೆಚ್ಚು, ಸಿಪ್ಪೆ ಗಡುಸು. ಅವನ್ನು ಸಂತೆಯಲ್ಲಿ ಯಾರೂ ಕೇಳರು. ಕಾರ್ಖಾನೆಯವರು ಬೇಡವೆಂದ ದಿನ ಹಣ್ಣು ತಿಪ್ಪೆಗೇ ಸರಿ. ಆದಕಾರಣ ಹಲವು ವರ್ಷಗಳ ಕರಾರನ್ನು ಬರೆಹದಲ್ಲಿ ಪಡೆಯದೆ ವೈನಿನ ಬಳ್ಳಿಯನ್ನು ನೆಡಲೇಬಾರದು. ಆ ಕರಾರಿನಲ್ಲಿ ಜಾತಿ, ಬ್ರಿಕ್ಸ್ ಅಳತೆ, ಅಳತೆ ಕಡಿಮೆಯಾದರೆ ಕಡಿಯುವ ಬೆಲೆ, ಸಾಗಣೆಯ ಖರ್ಚು ಯಾರದು, ಹಣ ಕೊಡುವ ದಿನ, ಈ ಐದು ಅಂಶಗಳೂ ಇರಬೇಕು. ಬಳ್ಳಿಗೆ ಕಂಬ, ತಂತಿ, ಹನಿ ನೀರು, ಬೂದಿ ರೋಗಕ್ಕೂ ಬೂಜು ರೋಗಕ್ಕೂ ಔಷಧ ಬೇಕು. ಎರಡು ಮೂರು ವರ್ಷ ಫಲವಿಲ್ಲ. ತೆಂಗಿನ ನೆರಳಿನಲ್ಲಿ ಅದು ಬಾರದು. ಫಲ ಬಿಡುತ್ತಿರುವ ತೆಂಗನ್ನು ಕಡಿದು ದ್ರಾಕ್ಷಿ ಹಾಕುವುದು ಕೈಯಲ್ಲಿದ್ದ ಹಸುವನ್ನು ಮಾರಿ ಗಬ್ಬವಾಗದ ಕಡಸನ್ನು ಕೊಂಡಂತೆ.

೭. ತೆಂಗಿನ ಸೀಮೆಗೆ ಹೊಂದುವ ಪಾಠ

ತೆಂಗಿನ ಹೊಂಬಾಳೆಯ ರಸವೂ ದ್ರಾಕ್ಷಾರಸದ ನಿಯಮಕ್ಕೇ ಒಳಪಟ್ಟುದು. ಸಿಂಹಳದಲ್ಲಿ ಅದನ್ನು ಹುದುಗಿಸಿ ಭಟ್ಟಿ ಇಳಿಸಿ ಅರಕ್ ಮಾಡುತ್ತಾರೆ. ಗೋವೆಯಲ್ಲಿ ತೆಂಗಿನ ಫೆಣಿಯುಂಟು. ಗೋವೆಯವರ ಗೋಡಂಬಿ ಹಣ್ಣಿನ ಫೆಣಿಗೆ ೨೦೦೯ರಲ್ಲಿ ಭೌಗೋಳಿಕ ಗುರುತು ದೊರೆಯಿತು. ನಮ್ಮಲ್ಲಿ ಮನೆಯಲ್ಲಾಗಲಿ ತೋಟದಲ್ಲಾಗಲಿ ಭಟ್ಟಿ ಇಳಿಸುವುದು ಅಪರಾಧ. ಅದನ್ನು ಯಾರೂ ಮನಸ್ಸಿಗೆ ತರಬಾರದು. ಆದರೆ ಹುದುಗದ ರಸವು ಬೇರೆ ಮಾತು. ಅದರಲ್ಲಿ ೧೫ ಡಿಗ್ರಿ ಸುಮಾರು ಸಕ್ಕರೆ ಇರುವುದು. ಬಿಸಿಲಿನಲ್ಲಿ ಕೆಲವು ತಾಸು ಬಿಟ್ಟರೆ ಹೆಂಡವಾಗುವುದು. ತಂಪಾಗಿ ಹಿಡಿದರೆ ಸಿಹಿಯಾಗಿಯೇ ನಿಲ್ಲುವುದು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾಲಯದವರು ಹೊಂಬಾಳೆಗೆ ಕಟ್ಟುವ ಮಂಜುಗಡ್ಡೆಯ ಪೆಟ್ಟಿಗೆಯನ್ನು ರೂಪಿಸಿ, ಹಾಗೆ ಇಳಿಸಿದ ರಸಕ್ಕೆ ಕಲ್ಪರಸವೆಂದು ಹೆಸರಿಟ್ಟಿದ್ದಾರೆ. ಇದನ್ನು ಕಾಸಿದರೆ ಬೆಲ್ಲವೂ ಸಕ್ಕರೆಯೂ ಆಗುವುವು. ಇದಕ್ಕೂ ಅಬಕಾರಿ ಇಲಾಖೆಯ ಪರವಾನಗಿ ಬೇಕು. ರಸ ಇಳಿಸಿದ ಹೊಂಬಾಳೆಯಿಂದ ಕಾಯಿ ಬಾರದಾದ್ದರಿಂದ ತೋಟದ ಕೆಲವು ಮರಗಳಲ್ಲಿ ಮಾತ್ರ ಆರಂಭಿಸುವುದು ಲೇಸು.

ವೈನಿನ ಕೊಠಡಿಯಲ್ಲಿ ಕಂಡ ಕ್ರಮವನ್ನು ಇಲ್ಲಿಗೆ ತರಬಹುದು. ಪ್ರತಿದಿನ ಅಳೆದು ಬರೆದಿಡುವುದು, ಶುಚಿಯಾದ ಪಾತ್ರೆ, ತಂಪು, ಬಂದವರಿಗೆ ಒಂದು ಲೋಟ ರುಚಿ, ಬೆಳೆದ ಊರಿನ ಹೆಸರನ್ನು ಹೊತ್ತ ಪೊಟ್ಟಣ, ಇವಿಷ್ಟೇ ಅದರ ಗುಟ್ಟು. ಬೇಲೂರು ಹಳೇಬೀಡುಗಳ ಶಿಲ್ಪವನ್ನು ನೋಡಲು ಹಾಸನ ಜಿಲ್ಲೆಗೆ ಬರುವ ಯಾತ್ರಿಕರು ಅನೇಕರು. ಅವರಿಗೆ ಕಣಕಟ್ಟೆಯ ತೆಂಗಿನ ಬೆಲ್ಲವನ್ನೂ ಕೊಬ್ಬರಿಯನ್ನೂ ರುಚಿ ತೋರಿಸಿ ಮಾರುವ ಒಂದು ಕೊಠಡಿಯನ್ನು ಬೆಳೆಗಾರರ ಸಹಕಾರ ಸಂಘವು ನಡೆಸುವುದು ಅಸಾಧ್ಯವಲ್ಲ.

೮. ಗ್ರಾಮದ ಮುಖಂಡರಿಗೆ

ಹತ್ತಾರು ಮಂದಿ ಸುಮ್ಮನೆ ಹೋಗಿ ಬರುವುದಕ್ಕಿಂತ, ಲೆಕ್ಕ ಬಲ್ಲ ನಾಲ್ವರನ್ನು ಕಳುಹಿಸುವುದು ಒಳ್ಳೆಯದು. ಅವರಲ್ಲಿ ಒಬ್ಬ ಹೆಂಗಸಾದರೂ ಇರಲಿ. ಮನೆಯ ಬೆಲ್ಲ, ಎಣ್ಣೆ, ಕೊಬ್ಬರಿಗಳ ಗುಣವನ್ನು ಅವರಷ್ಟು ಚೆನ್ನಾಗಿ ಬಲ್ಲವರಿಲ್ಲ. ಹೋದವರು ಹಣ್ಣಿನ ಬೆಲೆ, ಅಳತೆ, ಸೀಸೆಯ ಬೆಲೆ, ಕರಾರಿನ ನಿಬಂಧನೆಗಳನ್ನು ಬರೆದುಕೊಂಡು ಬಂದು ಗ್ರಾಮಸಭೆಯಲ್ಲಿ ಓದಿ ಹೇಳತಕ್ಕದ್ದು. ಕುಡಿತದಿಂದ ಕೆಟ್ಟ ಮನೆಗಳು ಊರೂರಿಗೂ ಇರುವುದರಿಂದ, ಇಂತಹ ಪ್ರಯಾಣವು ಪಾನಗೋಷ್ಠಿಯಾಗದಂತೆ ನೋಡಿಕೊಳ್ಳುವುದೂ ಮುಖಂಡರದೇ ಹೊಣೆ. ತನ್ನ ಸರಕನ್ನು ತಾನೇ ಅಳೆದು, ತಾನೇ ರುಚಿ ನೋಡಿ, ಅದರ ಗುಣವನ್ನು ಕೊಳ್ಳುವವನ ಎದುರಿಗೆ ತೋರಿಸಬಲ್ಲ ಬೆಳೆಗಾರನಿಗೆ ಬೆಲೆ ಕೇಳುವ ಧೈರ್ಯವುಂಟಾಗುವುದು. ಆ ಧೈರ್ಯವನ್ನು ಸಂಪಾದಿಸಿಕೊಂಡು ಬರುವುದೇ ಈ ಸಂದರ್ಶನದ ಫಲ.