ಹಡಗಿಗೂ ಉಂಟು ಕಟ್ಟುಪಾಡು, ದೋಣಿಗೂ ಉಂಟು ಹಕ್ಕು

2012ರ ಫೆಬ್ರುವರಿ 15ರಂದು ಕೇರಳ ಕರಾವಳಿಯಿಂದ ಸುಮಾರು 20 ನಾಟಿಕಲ್ ಮೈಲಿ ಆಚೆ, ಇಟಲಿಯ ತೈಲ ಹಡಗು ‘ಎನ್ರಿಕಾ ಲೆಕ್ಸಿ’ಯಲ್ಲಿದ್ದ ನೌಕಾ ಯೋಧರು ‘ಸೇಂಟ್ ಆ್ಯಂಟನಿ’ ಎಂಬ ಮೀನುಗಾರಿಕಾ ಬೋಟಿನತ್ತ ಗುಂಡು ಹಾರಿಸಿದರು. ಕಡಲ್ಗಳ್ಳರೆಂದು ಭಾವಿಸಿದೆವು ಎಂಬುದು ಅವರ ಸಮರ್ಥನೆ. ಸತ್ತವರು ಇಬ್ಬರು ಮೀನುಗಾರರು. ಯೋಧರನ್ನು ಭಾರತ ವಿಚಾರಣೆಗೆ ಒಳಪಡಿಸುವಂತಿಲ್ಲ, ಆದರೆ ಬೋಟಿನ ಸಂಚಾರ ಸ್ವಾತಂತ್ರ್ಯಕ್ಕೆ ಭಂಗ ತಂದುದಕ್ಕೆ ಇಟಲಿ ಪರಿಹಾರ ಕೊಡಬೇಕು ಎಂದು ಅಂತರರಾಷ್ಟ್ರೀಯ ನ್ಯಾಯಮಂಡಳಿ 2020ರಲ್ಲಿ ಹೇಳಿತು. ಮರುವರ್ಷ 10 ಕೋಟಿ ರೂಪಾಯಿ ಬಂದ ಮೇಲೆ ಸುಪ್ರೀಂ ಕೋರ್ಟ್ ಪ್ರಕರಣಕ್ಕೆ ತೆರೆ ಎಳೆಯಿತು. ಮೃತರ ಕುಟುಂಬಗಳಿಗೆ ತಲಾ 4 ಕೋಟಿ, ಬೋಟಿನ ಮಾಲೀಕರಿಗೆ 2 ಕೋಟಿ ಸಂದಿತು.

ಹಡಗು ಎಲ್ಲಿದೆ ಎಂಬುದರ ಮೇಲೆ ಕಾನೂನಿನ ಹಿಡಿತ ಬದಲಾಗುತ್ತದೆ. 1976ರ ಸಾಗರ ವಲಯ ಕಾಯ್ದೆಯ ಪ್ರಕಾರ ದಡದಿಂದ 12 ನಾಟಿಕಲ್ ಮೈಲಿವರೆಗಿನ ನೀರು ಭಾರತದ ಸಾರ್ವಭೌಮತ್ವಕ್ಕೆ ಸೇರಿದ್ದು. ಅಲ್ಲಿ ವಿದೇಶಿ ವಾಣಿಜ್ಯ ಹಡಗು ಅನುಮತಿ ಕೇಳದೆ ಹಾದುಹೋಗಬಹುದು. ಶಾಂತಿಗೆ, ಸುವ್ಯವಸ್ಥೆಗೆ, ಭದ್ರತೆಗೆ ಧಕ್ಕೆ ತರುವಂತಿಲ್ಲ. 24 ಮೈಲಿವರೆಗೆ ಸುಂಕ, ವಲಸೆಯಂಥ ವಿಷಯಗಳಲ್ಲಿ ತಪಾಸಣೆ ನಡೆಸಬಹುದು. 200 ಮೈಲಿವರೆಗಿನ ಮೀನು, ಖನಿಜ ನಮ್ಮವು, ಸಂಚಾರ ಮಾತ್ರ ಎಲ್ಲರದು.

ಬಂದರಿನೊಳಗೆ ಬರುವ ಮಾತೇ ಬೇರೆ. ಅಮೆರಿಕದ ಮೇಲಿನ 2001ರ ಸೆಪ್ಟೆಂಬರ್ ದಾಳಿಯ ಬಳಿಕ ರೂಪುಗೊಂಡು 2004ರ ಜುಲೈ 1ರಂದು ಜಾರಿಗೆ ಬಂದ ಐಎಸ್‌ಪಿಎಸ್ ಎಂಬ ಹಡಗು-ಬಂದರು ಭದ್ರತೆಯ ಅಂತರರಾಷ್ಟ್ರೀಯ ಸಂಹಿತೆ, ವಿದೇಶ ಯಾನದ ಪ್ರಯಾಣಿಕ ಹಡಗುಗಳಿಗೂ 500 ಟನ್ನೇಜ್‌ಗೆ ಕಡಿಮೆಯಿಲ್ಲದ ಸರಕು ಹಡಗುಗಳಿಗೂ ಅನ್ವಯಿಸುತ್ತದೆ. ಹಡಗಿನಲ್ಲೊಬ್ಬ, ಬಂದರಿನಲ್ಲೊಬ್ಬ ಭದ್ರತಾ ಅಧಿಕಾರಿ ಇರಲೇಬೇಕು. ಭದ್ರತಾ ಪ್ರಮಾಣಪತ್ರವಲ್ಲದೆ ಹಿಂದೆ ತಂಗಿದ್ದ 10 ಬಂದರು ತಾಣಗಳ ವಿವರವನ್ನೂ ಬಂದರು ಕೇಳಬಹುದು. ಅನುಮಾನಕ್ಕೆ ಗಟ್ಟಿ ಕಾರಣವಿದ್ದರೆ ಪ್ರವೇಶ ನಿರಾಕರಿಸಬಹುದು. ವಿನಾಕಾರಣ ತಡೆದು ನಷ್ಟ ಮಾಡಿದರೆ ಪರಿಹಾರ ಕೇಳುವ ಹಕ್ಕು ಹಡಗಿಗೂ ಇದೆ.

ನಿಯಮ ಇದ್ದಮಾತ್ರಕ್ಕೆ ಕಣ್ಣು ತಪ್ಪುವುದಿಲ್ಲ ಎಂದಲ್ಲ. 2011ರ ಜುಲೈ ಕೊನೆಯಲ್ಲಿ, ಸಿಬ್ಬಂದಿ ಬಿಟ್ಟುಹೋಗಿದ್ದ ‘ಪವಿತ್’ ಹಡಗು ಅಲೆಯ ಪಾಲಾಗಿ ಬಂದು ಮುಂಬೈನ ಜುಹು ಕಡಲತೀರಕ್ಕೆ ಬಡಿಯುವವರೆಗೂ ಯಾರ ಗಮನಕ್ಕೂ ಬಂದಿರಲಿಲ್ಲ. 2008ರಲ್ಲಿ ಮುಂಬೈಗೆ ಉಗ್ರರು ಬಂದದ್ದು ಅಪಹೃತ ಮೀನುಗಾರಿಕಾ ಬೋಟು ‘ಕುಬೇರ್’ನಲ್ಲಿ. ಹಾಗಾಗಿ ಬೋಟಿನವರ ಬಳಿ ನೋಂದಣಿ ಪತ್ರ, ಗುರುತಿನ ಚೀಟಿ ಇರಬೇಕು. ಅನುಮಾನಾಸ್ಪದ ಹಡಗು ಕಂಡರೆ ಕರ್ನಾಟಕದಲ್ಲಿ ಕರಾವಳಿ ಕಾವಲು ಪೊಲೀಸರ 1093ಕ್ಕೆ, ಸಮುದ್ರದ ಅಪಾಯಕ್ಕೆ ಕೋಸ್ಟ್‌ಗಾರ್ಡ್‌ನ 1554ಕ್ಕೆ ಕರೆ ಮಾಡಬೇಕು.

ಡಿಕ್ಕಿಯಾದರೆ?

2021ರ ಏಪ್ರಿಲ್‌ನಲ್ಲಿ ಮಂಗಳೂರಿನಾಚೆಯ ಕಡಲಲ್ಲಿ ಬೇಪೂರಿನ ‘ರಬಾಹ್’ ಬೋಟಿಗೂ ಸಿಂಗಪುರದ ‘ಎಪಿಎಲ್ ಲೆ ಹಾವ್ರ್’ ಹಡಗಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದ 14 ಮಂದಿಯಲ್ಲಿ ಜೀವಂತ ಸಿಕ್ಕವರು ಇಬ್ಬರೇ. ಬಲೆ ಹಾಕಿ ಮೀನು ಹಿಡಿಯುತ್ತಿರುವ ಬೋಟಿಗೆ ಯಂತ್ರಚಾಲಿತ ಹಡಗು ದಾರಿ ಬಿಡಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಬೋಟು ತನ್ನ ದೀಪಗಳನ್ನು ಉರಿಸಿಕೊಂಡಿರಬೇಕು. ಬಂದರಿನ ಕಿರಿದಾದ ಕಾಲುವೆಯಲ್ಲಿ ಹಡಗಿಗೆ ಅಡ್ಡಿಯಾಗಬಾರದು. ಘಟನೆ ನಡೆದ ಸಮಯ, ಜಿಪಿಎಸ್ ಸ್ಥಾನ, ಹಡಗಿನ ಹೆಸರು, ಬಣ್ಣ, ಹೋದ ದಿಕ್ಕು ಬರೆದಿಟ್ಟುಕೊಂಡು ದಡ ಮುಟ್ಟಿದ ಕೂಡಲೇ ದೂರು ಕೊಟ್ಟರೆ ಮುಂದೆ ಸಾಕ್ಷ್ಯವಾಗುತ್ತದೆ.

ಪರಿಹಾರದ ದಾರಿ 2017ರ ಅಡ್ಮಿರಾಲ್ಟಿ ಕಾಯ್ದೆ. ಸಾವು, ಗಾಯ, ಬೋಟಿನ ಹಾನಿ, ಹಡಗು ನೌಕರರ ಬಾಕಿ ಸಂಬಳ ಎಲ್ಲಕ್ಕೂ ಹಡಗಿನ ಮೇಲೆಯೇ ದಾವೆ ಹೂಡಬಹುದು. ಕರ್ನಾಟಕ ಹೈಕೋರ್ಟ್‌ಗೂ ಈ ಅಧಿಕಾರವಿದೆ. ತನ್ನ ವ್ಯಾಪ್ತಿಯ ನೀರಿನಲ್ಲಿರುವ ಹಡಗನ್ನು ಕೋರ್ಟ್ ‘ಬಂಧಿಸಿ’, ಭದ್ರತಾ ಹಣ ಇಡುವವರೆಗೆ ತಡೆದು ನಿಲ್ಲಿಸಬಹುದು. ತಪ್ಪಿತಸ್ಥ ಹಡಗು ಕೈಗೆ ಸಿಗದಿದ್ದರೆ ಅದೇ ಮಾಲೀಕರ ಬೇರೆ ಹಡಗನ್ನು ಹಿಡಿಯಲೂ ಅವಕಾಶವಿದೆ. 2025ರ ಮೇ 25ರಂದು ಕೊಚ್ಚಿಯಾಚೆ ‘ಎಂಎಸ್‌ಸಿ ಎಲ್ಸಾ 3’ ಮುಳುಗಿದಾಗ, ಕೇರಳ ಸರ್ಕಾರದ ದಾವೆಯ ಮೇರೆಗೆ ಅಲ್ಲಿನ ಹೈಕೋರ್ಟ್ ‘ಎಂಎಸ್‌ಸಿ ಅಕಿತೆತಾ 2’ ಹಡಗಿನ ಬಂಧನಕ್ಕೆ ಆದೇಶಿಸಿತು.

ತಡ ಮಾಡುವಂತಿಲ್ಲ. ಹಡಗಿನ ಮೇಲಿನ ವಿಶೇಷ ಋಣಹಕ್ಕು ಸಾಮಾನ್ಯವಾಗಿ ಒಂದು ವರ್ಷಕ್ಕೆ, ಸಂಬಳದ ಬಾಕಿಯಾದರೆ ಎರಡು ವರ್ಷಕ್ಕೆ ಅಳಿಯುತ್ತದೆ. ವಕೀಲರಿಗೆ ಹಣ ಹೊಂದಿಸಲಾಗದ ಕುಟುಂಬಗಳು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ, ಇಲ್ಲವೇ 15100 ಸಹಾಯವಾಣಿಯಲ್ಲಿ ಉಚಿತ ನೆರವಿಗೆ ತಮ್ಮ ಅರ್ಹತೆ ವಿಚಾರಿಸಬಹುದು.